ಬಕೆಟ್ಟಿನ ತಣ್ಣನೆಯ ನೀರು

"ಆಯಿ, ಈ ನೀರು ಎಷ್ಟು ಥಂಡ ಅವ ನೋಡು!" ಎಂದ ನನ್ನ ಕಿರಿಯ ಮೊಮ್ಮಗಳು ಬಾಯಿಂದ ಬೊಗಸೆ ತೆಗೆಯುತ್ತಿದ್ದಳು. ಮೊಮ್ಮಕ್ಕಳೇ, ಅದು ಕಮಲಾಪುರದ ನಮ್ಮ ಕೆಂಪು ಬಾಳೆಯ ತೋಟ, ಸುಡು ಮಧ್ಯಾಹ್ನ. ಗಿಡಗಳಿಗೆ ಬಿಡಲೆಂದು ನನ್ನ ಮಗ ಆಗಷ್ಟೇ ಅವಳ ಮುಂದಿದ್ದ ಬಕೆಟ್ಟಿನಲ್ಲಿ ಯೂರಿಯಾ ಗೊಬ್ಬರ ಕರಗಿಸಿಟ್ಟಿದ್ದ. ಯೂರಿಯಾ ಕರಗುವಾಗ ನೀರು ತಣ್ಣಗಾಗುತ್ತದೆ. ಅದು ಮಗುವಿಗೆ ಹೇಗೆ ಗೊತ್ತಾಗಬೇಕು?

"ಕುಡದಿಯೇನು? ಖರೇ ಹೇಳು!" ಎಂದು ಅವಳ ಕೈಗೆ ಹೊಡೆದು ಕೇಳಿದೆ.

"ಒಂದೇ ಗುಟುಕು, ಆಯಿ. ಬೈಬ್ಯಾಡ."

ಹೋದ ಬೇಸಿಗೆಯಲ್ಲಿ ಇಂಥದೇ ನೀರು ಕುಡಿದ ಪಕ್ಕದ ಹೊಲದ ಎಮ್ಮೆ ಹೊಟ್ಟೆಯುಬ್ಬಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದೆ. ಮಗನ ಬೈಕಿನ ಹಿಂದೆ ಕುಳಿತು ಕಲಬುರಗಿಯ ಆಸ್ಪತ್ರೆ ಮುಟ್ಟುವವರೆಗೂ ಅವಳ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ.

ಡಾಕ್ಟರಮ್ಮ ಪರೀಕ್ಷಿಸಿ ನಕ್ಕರು. "ಅಂಜಬ್ಯಾಡ್ರಿ ಅಮ್ಮಾ, ದನದ ಹೊಟ್ಟಿ ಬ್ಯಾರೆ, ನಮ್ಮ ಹೊಟ್ಟಿ ಬ್ಯಾರೆ. ಒಂದು ಗುಟುಕಿಗೆ ಏನೂ ಆಗಂಗಿಲ್ಲ." ಆಮೇಲೆ ಕೇಳಿದರು: "ದಿನಾ ಕುಡಿಯೋ ನೀರು ಎಲ್ಲಿಂದ ತರ್ತೀರಿ?"

"ತೋಟದ ಬೋರಿಂದೇ ರೀ," ಎಂದ ಮಗ.

ಅವರ ನಗು ನಿಂತಿತು. "ಹಾಕಿದ ಗೊಬ್ಬರೆಲ್ಲಾ ಬಾಳಿ ಗಿಡಾನೇ ತಿಂತಾವೇನ್ರಿ? ಉಳಿದದ್ದು ನೈಟ್ರೇಟ್ ಆಗಿ ನೆಲದಾಗ ಇಳಿದು ಬೋರಿನ ನೀರಿಗೆ ಕೂಡ್ತದ, ಸಣ್ಣ ಮಕ್ಕಳಿಗೆ ಅದು ಛಲೋ ಅಲ್ಲ. ಕುದಿಸಿದ್ರೂ ಹೋಗಂಗಿಲ್ಲ. ಮೊದಲ ಆ ನೀರು ಟೆಸ್ಟ್ ಮಾಡಸ್ರಿ."

ಮನೆಗೆ ಬಂದೊಡನೆ ಅವಳು ನೀರು ಕೇಳಿದಳು. ಬೋರಿನ ನೀರಿಗೆ ಬಣ್ಣವಿರಲಿಲ್ಲ, ವಾಸನೆಯಿರಲಿಲ್ಲ. ಮುಟ್ಟಿದರೆ ಎಂದಿನಂತೆಯೇ ಇತ್ತು. ಮೊಮ್ಮಕ್ಕಳೇ, ನಿಮಗೆಲ್ಲ ಇಷ್ಟು ದಿನ ಕುಡಿಸಿದ್ದು ಅದೇ ನೀರು. ತುಂಬಿದ ಲೋಟ ಹಿಡಿದು ನಿಂತೇ ಇದ್ದೆ. ಅವಳ ಕೈಗೆ ಕೊಡಲು ಧೈರ್ಯ ಬರಲಿಲ್ಲ.