ಕಾರ್ಡಿನಲ್ಲಿದ್ದ ಕಿತ್ತಳೆ

ವಿದ್ಯಾನಗರದ ಆ ಕಾಫಿ ಅಂಗಡಿಯಲ್ಲಿ ಕಪ್ಪಿನ ಜೊತೆ ಒಂದು ಚಿಕ್ಕ ಕಾರ್ಡು ಕೊಡುತ್ತಾರೆ. ಕಾಫಿ ಯಾವ ಬೆಟ್ಟದ್ದು, ಬೀಜ ಹೇಗೆ ಒಣಗಿಸಿದ್ದು, ಕುಡಿದರೆ ಯಾವ ಯಾವ ಪರಿಮಳ ಸಿಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ನನಗೆ ಸಿಕ್ಕ ಮೊದಲ ಕಾರ್ಡಿನಲ್ಲಿ ಕಿತ್ತಳೆ, ಬೆಲ್ಲ, ಮಲ್ಲಿಗೆ ಎಂದಿತ್ತು. ಓದಿದೆ, ಗೋಣು ಹಾಕಿದೆ, ಕಾಫಿ ಮಾಡಿಕೊಟ್ಟ ತರುಣಿಗೆ “ಹೌದವಾ, ಕಿತ್ತಳಿ ಭಾಳ ಛಂದ ಬಂದೈತಿ” ಎಂದೆ. ಅದು ಶುದ್ಧ ಸುಳ್ಳು. ಆ ಹೊತ್ತಿಗೆ ನನ್ನ ಮೂಗಿಗೆ ಯಾವ ವಾಸನೆಯೂ ಬಾರದೆ ಎಂಟು ತಿಂಗಳಾಗಿತ್ತು.

ಕೊರೊನಾ ಜ್ವರ ಬಂದು ಹೋದಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಗೊತ್ತಿದ್ದವರಿಗೆಲ್ಲ ಹದಿನೈದು ದಿನಕ್ಕೆ, ತಿಂಗಳಿಗೆ ವಾಪಸು ಬಂತು. ನನಗೆ ಬರಲಿಲ್ಲ. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಖಾರ, ಕಹಿ ತಿಳಿಯುತ್ತಿತ್ತು, ಅಷ್ಟೇ. ಬದನೆಕಾಯಿ ಎಣ್ಣೆಗಾಯಿ ಎಂದರೆ ಬಾಯಲ್ಲಿ ಮೆತ್ತಗೆ, ಖಾರವಾಗಿ ಇರುವ ಏನೋ ಒಂದು. ಡಾಕ್ಟರು “ಕಾಯ್ರಿ” ಎಂದರು. ನಾನು ಕಾದೆ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಬೆಳಿಗ್ಗೆ ಚಹಾದ ಕಪ್ಪು ನನ್ನ ಕೈಗಿಟ್ಟು ನಮ್ಮಾಕೆ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾಳೆ. ಮೊದಲ ಗುಟುಕಿಗೆ ನಾನು ಏನಾದರೂ ಅನ್ನಬೇಕು. ಅಂದ ಮೇಲೆಯೇ ಅವಳ ಚಹಾ. ಇದು ಶುರುವಾದದ್ದು ಕನ್ಯಾ ನೋಡಲು ಹೋದ ದಿನ. ಚಹಾ ದಿನಾ ಕುಡಿಯುವುದೇ, ವರನಿಗೆ ಏನಾದರೂ ವಿಶೇಷ ಇರಲಿ ಎಂದು ಅವರ ಮನೆಯಲ್ಲಿ ಕಾಫಿ ಮಾಡಿದ್ದರು. ಅಲ್ಲಿ ಯಾರಿಗೂ ಕಾಫಿ ಮಾಡಿ ರೂಢಿ ಇರಲಿಲ್ಲ. ಹಾಲು ತಳ ಹತ್ತಿತ್ತು, ಕಪ್ಪು ಬಾಯಿಗೆ ಬರುವ ಮೊದಲೇ ಸೀದ ವಾಸನೆ ಬಂತು. ಅವಳು ಚೌಕಟ್ಟು ಹಿಡಿದು ನಿಂತಿದ್ದಳು. ನಾನು “ಛಲೋ ಆಗೈತ್ರಿ” ಎಂದೆ, ಮದುವೆಯೂ ಆಯಿತು.

ಆಮೇಲೆ ಮೂವತ್ತು ವರ್ಷ ಅವಳ ಕೈಯ ಚಹಾ ನಿಜಕ್ಕೂ ಛಲೋ ಇತ್ತು, ನಾನು ಹೇಳಿದ್ದೂ ನಿಜವೇ. ಮೂಗು ಕೈಕೊಟ್ಟ ಮೇಲೆ ಅದೇ ಮಾತನ್ನು ಬರೀ ಅಂದಾಜಿನ ಮೇಲೆ ಹೇಳತೊಡಗಿದೆ. ನಾನು ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗ ಅಳೆದು ಪಾಸು ಮಾಡುವವನು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಪಕ್ಕಕ್ಕಿಟ್ಟು ಮಾಲೀಕರ ಕೈಲಿ ಬೈಸಿಕೊಂಡವನು. ಅಂಥವನು ಕಮರಿಪೇಟೆಯ ಮನೆಯಲ್ಲಿ ಕುಳಿತು ದಿನಾ ಬೆಳಿಗ್ಗೆ ಕಣ್ಣುಮುಚ್ಚಿ ಪಾಸು ಮಾಡುತ್ತಿದ್ದೆ. ಒಮ್ಮೆ ಒಲೆಯ ಪಕ್ಕದಲ್ಲೇ ಪೇಪರು ಓದುತ್ತ ಕುಳಿತಿದ್ದಾಗ ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಯಿತು. ಅವಳು ಹೊರಗಿನಿಂದ ಓಡಿಬಂದು “ಮೂಗು ಎಲ್ಲಿಟ್ಟೀರ್ರಿ?” ಎಂದಳು. ನಾನು ನಕ್ಕುಬಿಟ್ಟೆ.

ಕಾಫಿ ಅಂಗಡಿಗಳ ಹುಚ್ಚು ಹಿಡಿದದ್ದು ಆ ದಿನಗಳಲ್ಲೇ. ಗಟ್ಟಿ ವಾಸನೆಯ ವಸ್ತು ಏನಾದರೂ ಮೂಗಿನ ಬಾಗಿಲು ತೆಗೆದೀತು ಎಂದು ಆಸೆ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಹೊರಡುತ್ತಿದ್ದೆ. ಧಾರವಾಡದ ಸಪ್ತಾಪುರದಲ್ಲಿ ವಿದ್ಯಾರ್ಥಿಗಳೇ ತುಂಬಿದ ಒಂದು ಅಂಗಡಿ, ಕೇಶ್ವಾಪುರದಲ್ಲಿ ಮೆಟ್ಟಿಲು ಹತ್ತಿ ಹೋಗುವ ಇನ್ನೊಂದು. ಒಂದು ಕಡೆ ಗಾಜಿನ ಬುಡ್ಡಿಯ ಮೇಲೆ ಕಾಗದವಿಟ್ಟು, ಗಿಂಡಿಯಿಂದ ನೀರನ್ನು ತೆಳ್ಳಗೆ ಸುತ್ತ ಸುತ್ತ ಬಿಡುತ್ತಾರೆ. ಮುಗಿಯುವಷ್ಟರಲ್ಲಿ ನಮ್ಮ ಓಣಿಯಲ್ಲಾದರೆ ಹತ್ತು ಮಂದಿಯ ಚಹಾ ಆಗಿರುತ್ತದೆ. ಇನ್ನೊಂದು ಕಡೆ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿಟ್ಟ ಕಾಫಿ. ಸಪ್ತಾಪುರದ ಗಡ್ಡದ ತರುಣನಿಗೆ “ಸಕ್ಕರಿ ಕೊಡಪಾ” ಎಂದಾಗ ಅವನ ಮುಖ ಸಣ್ಣದಾಯಿತು. ಎಲ್ಲಾ ಕಡೆ ನನಗೆ ಸಿಕ್ಕದ್ದು ಬಿಸಿ ಕಹಿ, ತಣ್ಣನೆ ಕಹಿ, ಸ್ವಲ್ಪ ಹುಳಿ. ಆದರೂ ಹೋಗುತ್ತಿದ್ದೆ. ಯಾವ ವಾಸನೆ ಬರಬೇಕೆಂದು ಬರೆದು ಕೈಗೇ ಕೊಡುವ ಜಾಗ ಬೇರೆಲ್ಲಿದೆ? ಓದಿ ಹೇಳಿದರೆ ನಾನೂ ಎಲ್ಲರಂತೆಯೇ.

ವಿದ್ಯಾನಗರದ ತರುಣಿ ನಾಲ್ಕನೇ ಶನಿವಾರ ನನ್ನನ್ನು ಹಿಡಿದಳು. ಕಪ್ಪು ಇಟ್ಟವಳು, ನಾನು ಕಾರ್ಡು ಓದಿ ಹೊಗಳಿದ ಮೇಲೂ ಹೋಗದೆ ಎದುರಿಗೆ ನಿಂತಳು.

“ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮಗ ವಾಸನಿ ಬರೂದಿಲ್ಲ ಹೌದಲ್ರಿ?”

“ಯಾಕವಾ, ಈಗ ಹೇಳಿದ್ನಲ್ಲಾ?”

“ವಾಸನಿ ಹಿಡಿಯಾವ್ರು ಕಪ್ಪು ಮೂಗಿನ ಹಂತ್ಯಾಕ ತಂದು, ಒಂದು ಗಳಿಗಿ ತಡದು, ಆಮ್ಯಾಲ ಮಾತಾಡ್ತಾರ್ರಿ. ನೀವು ಕಾರ್ಡು ಓದಿದ ಕೂಡ್ಲೇ ಗೋಣು ಹಾಕ್ತೀರಿ.”

ಅವಳ ತಂದೆಯದು ಹಳೇ ಹುಬ್ಬಳ್ಳಿಯಲ್ಲಿ ಅತ್ತರಿನ ಅಂಗಡಿಯಂತೆ. ಚಿಕ್ಕಂದಿನಿಂದ ಗಿರಾಕಿಗಳ ಮೂಗು ನೋಡುತ್ತಲೇ ಬೆಳೆದವಳು. ಅದೇ ಜ್ವರದಲ್ಲಿ ಅತ್ತರು ಮಾರುವ ಆ ಮನುಷ್ಯನ ಮೂಗೂ ಹೋಗಿತ್ತು ಎಂದು ಹೇಳಿದಾಗ ನನಗೆ ನನ್ನ ದುಃಖ ಹೇಳಿಕೊಳ್ಳಲು ನಾಚಿಕೆಯಾಯಿತು.

“ನಮ್ಮ ಅಬ್ಬಾ ದಿನಾ ಮುಂಜಾನಿ ನಾಲ್ಕು ಶೀಶೆ ಇಟ್ಕೊಂಡು ಕುಂಡ್ರತಿದ್ರು” ಎಂದಳು. “ಒಂದೊಂದನ್ನ ಮೂಸೂದು, ಅದನ್ನ ಮೊದಲು ಎಲ್ಲಿ ಮೂಸಿದ್ದೆ ಅಂತ ನೆನಸೂದು. ವರ್ಷ ಹಿಡೀತರಿ. ಮಲ್ಲಿಗಿ ಬಂತು. ಗುಲಾಬಿ ಇನ್ನೂ ಬಂದಿಲ್ಲ.”

ಅವತ್ತೇ ಅವಳು ಕಾರ್ಡನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದಳು. ಅದರ ಬದಲು ಮೂರು ಪುಟ್ಟ ಡಬ್ಬಿ ಕೊಟ್ಟಳು: ಆಗಷ್ಟೇ ಬೀಸಿದ ಕಾಫಿಪುಡಿ, ಲವಂಗ, ಒಣ ಶುಂಠಿ. ನಾನು ಅವನ್ನು ಗಡ್ಡ ಕೆರೆಯುವ ಸಾಮಾನಿನ ಹಿಂದೆ ಬಚ್ಚಿಟ್ಟು ದಿನಾ ಬೆಳಿಗ್ಗೆ ಮೂಸತೊಡಗಿದೆ. ಲವಂಗಕ್ಕೆ ತಾಯಿಯ ಹಲ್ಲುನೋವು ನೆನಪಾಗುತ್ತಿತ್ತು, ಶುಂಠಿಗೆ ನಮ್ಮಾಕೆಯ ಚಹಾ. ಕಾಫಿಯ ಡಬ್ಬಿ ತೆಗೆದಾಗಲೆಲ್ಲ ಚಹಾ ಕುಡಿದೇ ಬೆಳೆದ ನನಗೆ ನೆನಪಾಗುತ್ತಿದ್ದದ್ದು ಒಂದೇ, ಕನ್ಯಾ ನೋಡಲು ಹೋದ ಆ ಸೀದ ಕಪ್ಪು. ಯಾವುದರ ವಾಸನೆಯೂ ಬರಲಿಲ್ಲ.

ಡಬ್ಬಿಗಳು ಮೂರನೇ ವಾರ ನಮ್ಮಾಕೆಯ ಕೈಗೆ ಸಿಕ್ಕವು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಕುಳಿತಿದ್ದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

“ಗೊತ್ತೈತಿ” ಎಂದಳು. “ಹಾಲು ಸೀದ ದಿವಸನ ಗೊತ್ತಾತು. ಈಗ ಇಪ್ಪತ್ತು ದಿವಸಾತು, ನಾ ಚಹಾಕ್ಕ ಶುಂಠಿ ಹಾಕೂದ ಬಿಟ್ಟೇನಿ. ನೀವು ದಿನಾ ‘ಶುಂಠಿ ಛಲೋ ಬಿದ್ದೈತಿ’ ಅಂತೀರಿ. ಇವತ್ತರ ಹೇಳ್ತಾರು, ಇವತ್ತರ ಹೇಳ್ತಾರು ಅಂತ ನಿಂತ ನೋಡಿದೆ.”

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಅಲ್ರಿ, ಇಷ್ಟು ಸಲೀಸಾಗಿ ಹೇಳಾಕ ಬರತೈತಿ ಅಂದಮ್ಯಾಲ, ಮೊದಲಿನವೂ ಹಿಂಗ ಹೇಳಿದ್ದೇನ್ರಿ?”

“ಇಲ್ಲ, ಅವೆಲ್ಲಾ ಖರೇನ” ಎಂದೆ. ಹೇಳುತ್ತಿದ್ದಂತೆ ಮೊಟ್ಟಮೊದಲ ಕಪ್ಪು ನೆನಪಾಗಿ ದನಿ ಸಣ್ಣದಾಯಿತು. ಅವಳು ಡಬ್ಬಿಗಳ ಮುಚ್ಚಳ ಹಾಕಿ ಎದ್ದಳು. ಏಳುವಾಗ ಒಂದು ಮಾತು ಹೇಳಿದಳು: “ಇನ್ನ ಮ್ಯಾಲ ವಾಸನಿ ಬಂದ್ರ ಹೇಳ್ರಿ. ಬರದಿದ್ರ ಸುಮ್ನ ಕುಡೀರಿ.”

ಸುಮ್ಮನೆ ಕುಡಿಯುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಅವಳು ಮೊದಲಿನಂತೆಯೇ ಕಪ್ಪು ಕೊಟ್ಟು ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ನಾನು ಕುಡಿದು ತಲೆ ತಗ್ಗಿಸುತ್ತಿದ್ದೆ. ಅವಳು ಒಳಗೆ ಹೋಗುತ್ತಿದ್ದಳು. ಮೂವತ್ತೊಂದು ವರ್ಷದ ನನ್ನ ಮಾತಿನ ಮೇಲೆ ಅವಳಿಗಿದ್ದ ನಂಬಿಕೆಯನ್ನು ನಾನೇ ಕೆಡಿಸಿದ್ದೆ. ಮೂಗು ಬಾರದಿದ್ದರೂ ಚಿಂತೆಯಿಲ್ಲ, ಅದೊಂದು ವಾಪಸು ಬರಲಿ ಎಂದು ನನಗೆ ಅನ್ನಿಸುತ್ತಿತ್ತು.

ತಿಂಗಳಾದ ಮೇಲೆ ಒಂದು ಶನಿವಾರ ಅವಳೇ “ಆ ಹುಡುಗಿ ಅಂಗಡಿ ತೋರಸ್ರಿ” ಎಂದಳು. ಕರೆದುಕೊಂಡು ಹೋದೆ. ತರುಣಿ ಅವಳಿಗೂ ಕಾರ್ಡು ಕೊಡಲಿಲ್ಲ. ನಮ್ಮಾಕೆ ಕಪ್ಪನ್ನು ಮೂಗಿನ ಹತ್ತಿರ ತಂದು, ಒಂದು ಗಳಿಗೆ ತಡೆದು, “ಹುರದ ಶೇಂಗಾ. ಆಮ್ಯಾಲ... ಜಾಡ್ಯಾಗಿನ ಹಳೇ ಹುಣಸಿಹಣ್ಣು ಇದ್ದಂಗ ಐತಿ” ಎಂದಳು. ತರುಣಿ ಒಳಗಿನಿಂದ ಕಾರ್ಡು ತಂದು ನೋಡಿ, ಅದರಲ್ಲಿ ಬರೆದದ್ದಕ್ಕಿಂತ ಇದೇ ಸರಿ ಎಂದು ನಕ್ಕಳು. ನಾನು ಕಣ್ಣುಮುಚ್ಚಿ ನನ್ನ ಕಪ್ಪು ಕುಡಿದೆ. ಶೇಂಗಾ, ಹುಣಸೆ ಎರಡೂ ಬರಲಿಲ್ಲ, ಆದರೆ ಅವಳು ಹೇಳಿದ್ದರಿಂದ ಎರಡೂ ಕಣ್ಣಿಗೆ ಕಟ್ಟಿದವು. ಬಹಳ ದಿನಗಳ ಮೇಲೆ ಅವತ್ತು ಖುಷಿಯಾಯಿತು.

ಹೊರಡುವಾಗ ಅವಳು ಅದೇ ಕಾಫಿಪುಡಿಯ ಒಂದು ಪೊಟ್ಟಣ ತೆಗೆದುಕೊಂಡಳು. ಮರುದಿನ ಬೆಳಿಗ್ಗೆ ಅದನ್ನು ಚಹಾದ ಪುಡಿಯಂತೆ ಹಾಲಿಗೆ ಸುರಿದು, ಸಕ್ಕರೆ ಹಾಕಿ, ಒಂದು ತುಂಡು ಶುಂಠಿಯನ್ನೂ ಜಜ್ಜಿ ಕುದಿಸಿದಳು. ವಿದ್ಯಾನಗರದ ತರುಣಿ ನೋಡಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದಳು. ಕುದಿಯುವಾಗ ತಂಗಿಯ ಫೋನು ಬಂದು ಮಾತಿಗೆ ನಿಂತಳು. ಕಪ್ಪು ಕೈಗೆ ಬಂತು, ಅವಳು ಚೌಕಟ್ಟು ಹಿಡಿದು ನಿಂತಳು.

ಗುಟುಕು ತೆಗೆದುಕೊಳ್ಳುವ ಮೊದಲೇ ಏನೋ ಆಯಿತು. ದೂರದ ಓಣಿಯಲ್ಲಿ ಯಾರೋ ಕರೆದಂತೆ, ಸಣ್ಣಗೆ. ಕಪ್ಪನ್ನು ಕೆಳಗಿಳಿಸಿ ಮತ್ತೆ ಮೂಗಿನ ಹತ್ತಿರ ತಂದೆ. ಶುಂಠಿಯಲ್ಲ, ಕಾಫಿಯೂ ಅಲ್ಲ. ಆ ವಾಸನೆಯನ್ನು ದಿನಾ ಡಬ್ಬಿ ತೆಗೆದು ನೆನೆಸಿಕೊಂಡಿದ್ದೆನಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

“ಹಾಲು ತಳಾ ಹತ್ತೈತಿ” ಎಂದೆ.

ಅವಳು ಒಳಗೆ ಹೋಗಿ ಪಾತ್ರೆ ತಂದು ನೋಡಿದಳು. ತಳದಲ್ಲಿ ಕಂದು ಕಲೆಯಿತ್ತು. ಪಾತ್ರೆ ಹಿಡಿದುಕೊಂಡೇ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಳು, ಕಣ್ಣು ತುಂಬಿತ್ತು.

“ಇದನ್ನ ಹೇಳಾಕ ನಿಮಗ ಮೂವತ್ತೊಂದು ವರ್ಷ ಬೇಕಾತು ನೋಡ್ರಿ” ಎಂದಳು.