ಗುಂಡಿ ತೋಡದ ಮಗ್ಗ

"ಮಗ್ಗದ ಗುಂಡಿ ತೋಡಂಗಿಲ್ಲಮ್ಮ, ನೆಲ ಕೆಡ್ತೈತಿ," ಎಂದು ಬಾಗಿಲಲ್ಲೇ ಹೇಳಿದೆ.

ಮಡಕಶಿರಾ ಕಡೆಯಿಂದ ಗಾಡಿಯಲ್ಲಿ ಮಗ್ಗ ಹೇರಿಕೊಂಡು ಬಂದಿದ್ದ ಆ ನೇಕಾರ ಹೆಂಗಸಿಗೆ, ರೈಲು ಬಂದ ಮೇಲೆ ಬಾಡಿಗೆ ಏರಿದ್ದ ರಾಯದುರ್ಗದಲ್ಲಿ ಕೈಗೆಟುಕುತ್ತಿದ್ದುದು ನನ್ನ ಈ ಒಂದು ಕೋಣೆ ಮಾತ್ರ. ಕಾಲಿಳಿಸಿ ಕೂರಲು ಗುಂಡಿಯಿಲ್ಲದೆ ನೇಯಲಾಗದು. ನೇಯದೆ ಬಾಡಿಗೆ ಕೊಡಲಾಗದು. ಆಕೆ ಒಳಗೆಲ್ಲ ಕಣ್ಣಾಡಿಸಿ, "ನಿಮ್ ನೆಲ ಮುಟ್ಟಲ್ಲ ಸ್ವಾಮಿ, ನಾನೇ ಮ್ಯಾಕೆ ಕುಂತ್ಕಂತೀನಿ," ಎಂದಳು.

ಮೂರು ದಿನ ಕೆರೆಯಿಂದ ಮಣ್ಣು ಹೊತ್ತು, ಕೋಣೆಯೊಳಗೆ ಮೊಣಕಾಲೆತ್ತರದ ಜಗಲಿ ಕಟ್ಟಿ, ನಡುವೆ ಕಾಲಿಳಿಸುವಷ್ಟು ಜಾಗ ಬಿಟ್ಟಳು. ನಾಲ್ಕನೆಯ ದಿನ ಲಾಳಿಯ ಸದ್ದು ಕೇಳಿ ಹೋಗಿ ನೋಡಿದೆ. ಇಳಿಜಾರು ಸೂರಿನ ತಗ್ಗು ತೊಲೆಗೆ ತಗುಲದಂತೆ ತಲೆ ತಗ್ಗಿಸಿಕೊಂಡು ಆಕೆ ನೇಯುತ್ತಿದ್ದಳು.

ಮುಂದೆ ಪಕ್ಕದ ಕೋಣೆ ಕೇಳಿಕೊಂಡು ಇನ್ನೊಬ್ಬ ನೇಕಾರ ಬಂದ. ಗುಂಡಿ ತೋಡಲು ಗುದ್ದಲಿ ನಾನೇ ಕೊಟ್ಟೆ.