ಗುಡ್ಡಪ್ಪನ ಬೇರಿಂಗ್ ಹೊಸದೇ ಆಗಿತ್ತು

‘ಹಳೇ ಬೇರಿಂಗ್ ಒರೆಸಿ ಹಾಕಿ, ಹೊಸಾದು ಅಂತ ಹೇಳೀಯಲ್ಲೋ ಗುಡ್ಡಪ್ಪ?’

ಇದು ನಾನು ಆಡಿದ ಮಾತು. ಆಡಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರ್ಕೆಟ್ಟಿನ ಎದುರಿನ ಚಹಾದ ಹೋಟೆಲಿನಲ್ಲಿ, ಮಾರ್ಕೆಟ್ ದಿನ. ಸುತ್ತ ಹತ್ತು ಜನರಾದರೂ ಇದ್ದರು. ಅರ್ಧ ಜನ ಸೀನುತ್ತಿದ್ದರು (ಸೀಸನ್ನಿನಲ್ಲಿ ಆ ಊರಿನಲ್ಲಿ ಸೀನದೆ ಚಹಾ ಕುಡಿದವರುಂಟೇ?). ನನ್ನ ದನಿಗೆ ಎಲ್ಲರೂ ತಿರುಗಿ ನೋಡಿದರು. ನನಗೂ ಅದೇ ಬೇಕಾಗಿತ್ತು.

ಗುಡ್ಡಪ್ಪ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟ. ‘ಗಾಡಿ ತಗೊಂಡ ಬರ್ರಿ ಸರ. ಬಿಚ್ಚಿ ನೋಡೂಣಂತ’ ಎಂದ.

‘ಮತ್ತ ನಿನ್ನ ಕೈಯಾಗ ಕೊಡಾಕ ನನಗೇನು ಹುಚ್ಚು ಹಿಡದೈತೇನು?’ ಎಂದು ನಾನು ಇನ್ನಷ್ಟು ದೊಡ್ಡದಾಗಿ ಕೇಳಿದೆ. ಯಾರೋ ನಕ್ಕರು. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಗುಡ್ಡಪ್ಪ ರಾಣೇಬೆನ್ನೂರಿನ ಮೆಕ್ಯಾನಿಕ್. ದೇವರಗುಡ್ಡದ ಕಡೆಯವನು, ಹೆಸರೇ ಹೇಳುತ್ತದೆ. ನನ್ನ ಗಾಡಿಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ, ಈ ಅಂಕಣದಲ್ಲೇ ಎರಡು ಸಲ ಕೊಚ್ಚಿಕೊಂಡಿದ್ದೇನೆ. ಆದರೂ ಮರೆತವರಿಗಾಗಿ ಹೇಳುತ್ತೇನೆ. ಅದೊಂದು ಸೆಕೆಂಡ್ ಹ್ಯಾಂಡ್ ಸಣ್ಣ ಟ್ರಕ್ಕು, ಫೋರ್ ವೀಲ್ ಡ್ರೈವ್. ಹಾವೇರಿಯಲ್ಲಿ ಕಾಲೇಜಿನ ಪಾಠ, ಕರ್ಜಗಿಯಲ್ಲಿ ನಾಲ್ಕು ಎಕರೆ ಎರೆ ಹೊಲ, ಎರಡರ ನಡುವೆ ಈ ಗಾಡಿ. ಎರೆ ಮಣ್ಣು ಹಸಿಯಾದರೆ ಮನುಷ್ಯರ ಚಪ್ಪಲಿಯನ್ನೇ ಬಿಡುವುದಿಲ್ಲ, ಗಾಲಿಯನ್ನು ಬಿಡುತ್ತದೆಯೇ? ಆಗ ಕೆಳಗಿಳಿದು, ಮುಂದಿನ ಒಂದೊಂದು ಗಾಲಿಯ ನಟ್ಟನಡುವೆಯೂ ಇರುವ ತಿರುಪನ್ನು ಕೈಯಿಂದ ‘ಲಾಕ್’ಗೆ ತಿರುಗಿಸಬೇಕು. ಮುಂದಿನ ಗಾಲಿಗಳಿಗೂ ಇಂಜಿನ್ನಿನ ಬಲ ಬರುತ್ತದೆ. ಡಾಂಬರು ರಸ್ತೆಗೆ ಬಂದ ಮೇಲೆ ಮತ್ತೆ ಇಳಿದು ಎರಡನ್ನೂ ‘ಫ್ರೀ’ ಮಾಡಬೇಕು. ಸ್ಟಾಫ್ ರೂಮಿನಲ್ಲಿ ಇದನ್ನು ನಾನು ಎಷ್ಟು ಸಲ ವಿವರಿಸಿದ್ದೇನೆಂದರೆ, ಸೈಕಲ್ ಕೂಡ ಇಲ್ಲದ ನಮ್ಮ ಸಂಸ್ಕೃತ ಮೇಷ್ಟ್ರಿಗೂ ಬಾಯಿಪಾಠವಾಗಿದೆ.

ಇಂಥ ಗಾಡಿಯ ಮುಂದಿನ ಬೇರಿಂಗುಗಳು ಸವೆದು ಗುಂಯ್‌ಗುಡುತ್ತಿದ್ದವು. ಗುಡ್ಡಪ್ಪ ಎರಡೂ ಕಡೆ ಹೊಸದು ಹಾಕಿ, ಗ್ರೀಸು ತುಂಬಿ ಕೊಟ್ಟಿದ್ದ. ಹದಿನೈದು ದಿನ ಗಾಡಿ ತುಟಿಪಿಟಕ್ಕೆನ್ನಲಿಲ್ಲ. ಆಮೇಲೆ ಒಂದು ದಿನ ಹಾವೇರಿ ಬಸ್ ಸ್ಟ್ಯಾಂಡಿನ ಹತ್ತಿರ ತಿರುಗಿಸುವಾಗ ಮುಂದಿನ ಗಾಲಿಯಿಂದ ಕಟ್, ಕಟ್, ಕಟ್. ನೇರ ಹೋದರೆ ಕಡಿಮೆ, ತಿರುವಿನಲ್ಲಿ ಜಾಸ್ತಿ.

ಯಾರ ಮೇಲೆ ಅನುಮಾನ ಬರಬೇಕು? ಕೊನೆಗೆ ಕೈಯಿಟ್ಟವನ ಮೇಲೆ. ಟೇಲರ್ ಬಟ್ಟೆ ಉಳಿಸಿಕೊಂಡ, ಗಡಿಯಾರದವನು ಒಳಗಿನ ಪಾರ್ಟು ಬದಲಿಸಿದ, ಮೆಕ್ಯಾನಿಕ್ ಹಳೆಯದನ್ನೇ ಹಾಕಿದ. ಓದಿದವರಾದ ನಮಗೆ ಇವರ ಕೆಲಸ ಮಾತ್ರ ಗೊತ್ತಿರುವುದಿಲ್ಲ, ಇವರ ಕಳ್ಳತನ ಎಲ್ಲ ಗೊತ್ತಿರುತ್ತದೆ. ಅಲ್ಲವೇ?

ಹೋಟೆಲಿನಲ್ಲಿ ಕೂಗಾಡಿ ಬಂದ ಮೇಲೆ ಸದ್ದೇನೂ ಹೆದರಿ ಓಡಿಹೋಗಲಿಲ್ಲ. ಇನ್ನಷ್ಟು ಜೋರಾಯಿತು. ಹಾವೇರಿಯ ಇಬ್ಬರು ಮೆಕ್ಯಾನಿಕ್ಕುಗಳು ಗಾಡಿಯ ಮೂತಿ ನೋಡಿಯೇ ಕೈಮುಗಿದರು. ‘ಫೋರ್ ವೀಲಿಂದು ಮುಂದಿನ ಭಾಗ ನಾವು ಬಿಚ್ಚೂದಿಲ್ರಿ. ಗುಡ್ಡಪ್ಪನ ಕಡೆ ಒಯ್ರಿ’ ಎಂದರು ಇಬ್ಬರೂ.

ಒಂದು ವಾರ ಮರ್ಯಾದೆಗೆ ಅಂಜಿ ಸುಮ್ಮನಿದ್ದೆ. ಆಮೇಲೆ ಗಾಲಿ ಕಳಚಿ ಬಿದ್ದರೆ ಎಂಬ ಅಂಜಿಕೆ ದೊಡ್ಡದಾಗಿ, ರಾಣೇಬೆನ್ನೂರಿಗೆ ಹೋದೆ.

ಅವನು ಹೋಟೆಲಿನ ಮಾತು ಎತ್ತಲೇ ಇಲ್ಲ. ‘ಸಾವಕಾಶ ಹೊಡೀರಿ ಸರ, ನಾ ಬಾಜೂಕ ನಡಿತೇನಿ’ ಎಂದ. ನಾನು ಗಾಡಿಯನ್ನು ಅವನ ಶೆಡ್ಡಿನ ಮುಂದೆ ಗಾಣದೆತ್ತಿನ ಹಾಗೆ ಸುತ್ತು ಹಾಕಿಸುತ್ತಿದ್ದರೆ, ಅವನು ಬಗ್ಗಿ, ಕಿವಿಯನ್ನು ಗಾಲಿಯ ಮಟ್ಟಕ್ಕೆ ಇಳಿಸಿ, ಪಕ್ಕದಲ್ಲೇ ನಡೆದ. ಮೊದಲು ಬಲಗಡೆ. ಆಮೇಲೆ ಎಡಗಡೆ. ನಿಲ್ಲಿಸಿ ಅಂತ ಕೈ ಮಾಡಿದ. ಜಾಕ್ ಕೊಟ್ಟು ಎರಡೂ ಗಾಲಿ ಎತ್ತಿದ. ಬಲಗಾಲಿಯನ್ನು ಕೈಯಿಂದ ತಿರುವಿದ, ಅದೊಂದೇ ಸಲೀಸಾಗಿ ತಿರುಗಿತು. ಎಡಗಾಲಿಯನ್ನು ತಿರುವಿದ, ಅದರ ಜೊತೆ ಒಳಗಿನ ಶಾಫ್ಟೂ ತಿರುಗಿತು. ಕಟ್, ಕಟ್.

‘ಹೊಲಕ್ಕ ಹೋಗಿದ್ರೇನ್ರಿ ಸರ?’

ಹೋಗಿದ್ದೆ. ಸದ್ದು ಶುರುವಾಗುವ ಹಿಂದಿನ ದಿನವೇ ಪಕ್ಕದ ಹೊಲದ ಬೋರಿನ ಪೈಪು ಒಡೆದು ನಮ್ಮ ದಾರಿಯೆಲ್ಲ ರಾಡಿಯಾಗಿತ್ತು. ಎರಡೂ ಗಾಲಿ ಲಾಕ್ ಮಾಡಿಕೊಂಡು ಹೊರಗೆ ಬಂದಿದ್ದೆ. ರಸ್ತೆಗೆ ಬಂದು ನನ್ನ ಕಡೆಯ ಗಾಲಿ ಫ್ರೀ ಮಾಡಿದೆ. ಎಡಗಡೆಯ ತಿರುಪು ಮೆತ್ತಿದ ಮಣ್ಣಿನಲ್ಲಿ ಮುಚ್ಚಿ ಹೋಗಿತ್ತು, ಇಸ್ತ್ರಿ ಪ್ಯಾಂಟು ಬೇರೆ. ಮನೆಗೆ ಹೋಗಿ ತೊಳೆದು ಮಾಡಿದರಾಯಿತು ಅಂದುಕೊಂಡೆ. ಮಾಡಲಿಲ್ಲ.

ಗುಡ್ಡಪ್ಪ ಹೆಬ್ಬೆರಳಿನಿಂದ ಒಣಗಿದ ಮಣ್ಣು ಕೆರೆದ. ಒಳಗಿನಿಂದ ‘ಲಾಕ್’ ಎಂಬ ಅಕ್ಷರ ಎದ್ದು ಬಂತು. ‘ಒಂದು ಗಾಲಿ ಲಾಕ್, ಒಂದು ಫ್ರೀ. ಒಳಗಿನ ಜಾಯಿಂಟ್ ಮೊದಲ ಸವದಿತ್ರಿ. ಸುಮ್ನ ಇದ್ರ ಸದ್ದು ಮಾಡೂದಿಲ್ಲ, ಹಿಂಗ ತಿರುಗಾಕ ಹತ್ತಿದ್ರ ಮಾಡತೈತಿ’ ಎಂದು ತಿರುಪನ್ನು ಫ್ರೀ ಮಾಡಿದ. ಮತ್ತೆ ಒಂದು ಸುತ್ತು ಹೊಡೆಸಿದ. ಸದ್ದಿಲ್ಲ.

ನಾನು ಅಲ್ಲಿಗೇ ಕಾಲಿಗೆ ಬುದ್ಧಿ ಹೇಳುವವನಿದ್ದೆ. ಗುಡ್ಡಪ್ಪ ಬಿಡಲಿಲ್ಲ. ಎಡಗಾಲಿ ಬಿಚ್ಚತೊಡಗಿದ. ಬೇಡ ಅಂದೆ. ‘ಇರ್ಲಿ ಸರ’ ಎಂದ. ಒಂದೊಂದೇ ಬೋಲ್ಟು ಬಿಚ್ಚಿ, ಬೇರಿಂಗ್ ಹೊರಗೆ ತೆಗೆದು, ಗ್ರೀಸು ಒರೆಸಿ, ಬಿಸಿಲಿಗೆ ಹಿಡಿದು ನನ್ನ ಮುಂದೆ ತಂದ. ಹೊಸದು. ಥಳಥಳ ಹೊಳೆಯುತ್ತಿತ್ತು.

‘ಬಲಗಡೇದೂ ಬಿಚ್ಚಲೇನ್ರಿ?’

ನನಗೆ ಅವನ ಮುಖ ನೋಡಲಾಗಲಿಲ್ಲ. ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ, ತಾನು ಕಳ್ಳನಲ್ಲ ಅಂತ ತೋರಿಸಲು ನನ್ನ ಮುಂದೆ ಬೇರಿಂಗ್ ಹಿಡಿದುಕೊಂಡು ನಿಂತಿದ್ದ. ತಪ್ಪಾಯಿತು ಗುಡ್ಡಪ್ಪ ಅಂದೆ. ಮೆಲ್ಲಗೆ ಅಂದೆ. ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು.

‘ಅದು ಬಿಡ್ರಿ’ ಎಂದ. ‘ಅವತ್ತು ಹೋಟೆಲ್‌ನ್ಯಾಗ ಬ್ಯಾಡಗಿ ಸಾಹುಕಾರ್ರು ಕುಂತಿದ್ರಲ್ರಿ. ಅವರ ಐದೂ ಲಾರಿ ನಾನ ನೋಡ್ತಿದ್ದೆ. ಈಗ ಕಳಸೂದು ಬಿಟ್ಟಾರ. ನೀವು ಒಂದು ಮಾತು ಹೇಳಿದ್ರ...’

ಹೇಳುತ್ತೇನೆ ಅಂದೆ. ಮನೆಗೆ ಬಂದ ಕೂಡಲೇ ಮೊಬೈಲ್ ತೆಗೆದು, ನನಗೂ ಪರಿಚಯವಿದ್ದ ಆ ಸಾಹುಕಾರರಿಗೆ ಫೋನ್ ಮಾಡಿಯೂ ಬಿಟ್ಟೆ. ನನ್ನ ಗಾಡಿ ಸರಿಯಾಯಿತು, ಗುಡ್ಡಪ್ಪನೇ ಮಾಡಿಕೊಟ್ಟ, ಒಳ್ಳೆಯ ಕೆಲಸಗಾರ, ಲಾರಿ ಕಳಿಸಿ ಎಂದೆಲ್ಲ ಹೇಳಿದೆ. ಒಂದನ್ನು ಬಿಟ್ಟು ಎಲ್ಲ ಹೇಳಿದೆ. ತಪ್ಪು ಯಾರದು ಅನ್ನುವುದನ್ನು.

ಸಾಹುಕಾರರು ನಕ್ಕರು. ‘ಅಂದ್ರ ನೀವು ಮಂದಿ ಮುಂದ ಜಾಡಿಸಿದ ಮ್ಯಾಲೆ ದಾರಿಗೆ ಬಂದ ಅನ್ರಿ. ಚಲೋ ಮಾಡಿದ್ರಿ. ಅಂಥವರಿಗೆ ಹಂಗ ಆಗಬೇಕು’ ಎಂದರು.

ಆಗ ನಾನು ಏನು ಹೇಳಬೇಕಾಗಿತ್ತು ಅಂತ ನಿಮಗೆ ಗೊತ್ತು. ನನಗೂ ಗೊತ್ತಿತ್ತು. ನಾನು ಹೇಳಿದ್ದು, ‘ಹೂಂ.’

ಆ ‘ಹೂಂ’ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹೋಟೆಲಿನಲ್ಲಿ ಆಡಿದ್ದು ತಿಳಿಯದೆ ಆಡಿದ ಮಾತು ಅಂತಲಾದರೂ ಅನ್ನಬಹುದು. ಇದಕ್ಕೇನನ್ನುವುದು? ತಿಳಿದೂ ಅವನನ್ನು ಎರಡನೇ ಸಲ ಕಳ್ಳನನ್ನಾಗಿ ಮಾಡಿದೆ, ಅದೂ ಅವನಿಗೆ ಉಪಕಾರ ಮಾಡಲು ಹೋಗಿ. ಫೋನಿಟ್ಟ ಮೇಲೆ ನನ್ನ ಹೆಂಡತಿ ‘ಏನಂದ್ರು?’ ಅಂತ ಕೇಳಿದಳು. ಅವಳಿಗೂ ಸರಿಯಾಗಿ ಹೇಳಲಿಲ್ಲ.

ಲಾರಿಗಳು ಬರಲಿಲ್ಲ. ನಿನ್ನೆ ನಾನೇ ಗುಡ್ಡಪ್ಪನಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ, ಆ ‘ಹೂಂ’ ಸಮೇತ, ಒಪ್ಪಿಸಿದೆ. ಪ್ರಾಯಶ್ಚಿತ್ತವನ್ನೂ ನಾನೇ ಗೊತ್ತುಮಾಡಿಕೊಂಡಿದ್ದೆ. ಈ ವಾರದ ಅಂಕಣದಲ್ಲಿ ಎಲ್ಲ ಬರೆದುಬಿಡುತ್ತೇನೆ, ಊರೆಲ್ಲ ಓದುತ್ತದೆ ಅಂದೆ (ಸ್ವಲ್ಪ ಜಂಬದಿಂದಲೇ ಅಂದೆ ಅಂತ ಕಾಣುತ್ತದೆ).

‘ಪೇಪರ್‌ನ್ಯಾಗ ಯಾಕ್ರಿ ಸರ? ನಾಳೆ ಮಾರ್ಕೆಟ್ ಐತಿ. ಅದ ಹೋಟೆಲ್‌ನ್ಯಾಗ ಅದ ಮಂದಿ ಇರ್ತಾರ. ಅಲ್ಲಿ ಬಂದು ಒಂದು ಮಾತು ಹೇಳ್ರಿ, ಸಾಕು’ ಎಂದ.

ಆ ‘ನಾಳೆ’ ಇವತ್ತೇ. ಈಗ ಹನ್ನೊಂದು ಗಂಟೆ. ಬ್ಯಾಡಗಿಯ ಹೋಟೆಲಿನಲ್ಲಿ ಅವರೆಲ್ಲ ಚಹಾ ಕುಡಿಯುತ್ತಿದ್ದಾರೆ, ನಾನು ಹಾವೇರಿಯ ಮನೆಯಲ್ಲಿ ಕೂತು ನಿಮಗೆ ಬರೆಯುತ್ತಿದ್ದೇನೆ.